ಎರೆಹಕ್ಕಿಗೆ ಮರುಭೂಮಿಯಲ್ಲಿ ಹೆರಿಗೆಮನೆ

ಎರೆಭೂತ, ಎರ್ಲಡ್ಡು ಎಂದೆಲ್ಲ ಬಯಲುಸೀಮೆಯವರು ಕರೆಯುವ ಹಕ್ಕಿ ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬಟಾಬಯಲಿನ ಬರಿ ನೆಲದ ಮೇಲೆ. ನಾಯಿ, ನರಿ, ಕಾಗೆ, ಕುರಿಹಿಂಡು, ಯಾವುದರ ಕಾಟವಾದರೂ ಸಂತಾನ ಅಲ್ಲಿಗೆ ಮುಗಿಯಿತು. ಪುಸ್ತಕಗಳು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವ ಈ ಹಕ್ಕಿಯ ಗಂಡು ಹದಿನೈದು ಕಿಲೋವರೆಗೂ ತೂಗುತ್ತದೆ. ಕಾಡಿನಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಹೆಚ್ಚಿನವು ಜೈಸಲ್ಮೇರಿನಲ್ಲಿ. ಕರ್ನಾಟಕದಲ್ಲಿ ಅದರ ಕೊನೆಯ ಆಸರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ.

ಹೀಗಾಗಿ 2019ರಿಂದ ಭಾರತೀಯ ವನ್ಯಜೀವಿ ಸಂಸ್ಥೆ ಜೈಸಲ್ಮೇರಿನ ಬಯಲಿನಿಂದಲೇ ಮೊಟ್ಟೆ ತಂದು ಯಂತ್ರದಲ್ಲಿ ಕಾವು ಕೊಡಿಸಿ ಮರಿ ಬೆಳೆಸುತ್ತಿದೆ. ಮೊದಲ ಮೊಟ್ಟೆ ಬೇಗ ಹೋದರೆ ಹೆಣ್ಣು ಮತ್ತೊಂದಿಡುವುದುಂಟು; ಯೋಜನೆ ನಿಂತಿರುವುದೇ ಈ ಗುಣದ ಮೇಲೆ. 2024ರಲ್ಲಿ ರಾಮದೇವರಾ ಸಾಕಣೆ ಕೇಂದ್ರದ ಗಂಡಿನ ವೀರ್ಯವನ್ನು ಸುಮಾರು 200 ಕಿ.ಮೀ. ಆಚೆಯ ಸುದಾಸರಿ ಕೇಂದ್ರಕ್ಕೆ ಒಯ್ದು ಹೆಣ್ಣಿಗೆ ಕೃತಕ ಗರ್ಭಧಾರಣೆ ಮಾಡಲಾಯಿತು. ಅಕ್ಟೋಬರಿನಲ್ಲಿ ಮರಿ ಹೊರಬಂತು. 2025ರ ಹೊತ್ತಿಗೆ ಎರಡೂ ಕೇಂದ್ರಗಳ ಹಕ್ಕಿಗಳು ಐವತ್ತನ್ನು ದಾಟಿದವು.

ಕೆಲವು ಹಾಡುಹಕ್ಕಿಗಳನ್ನು ಹೀಗೆ ಸಾಕಿ ಮರಿ ಮಾಡಿಸುವುದು ಸಲೀಸು. ಇಂಡೋನೇಷ್ಯಾದ ಬಾಲಿ ಗೊರವಂಕ 2001ರ ಹೊತ್ತಿಗೆ ಕಾಡಿನಲ್ಲಿ ಬೆರಳೆಣಿಕೆಗೆ ಇಳಿದಿದ್ದರೂ ಪಂಜರಗಳಲ್ಲಿ ನೂರಾರಿದ್ದವು. ಅಲ್ಲಿ ಹಕ್ಕಿಗೆ ಬರವಿರಲಿಲ್ಲ, ಬಿಟ್ಟದ್ದನ್ನು ಕಳ್ಳರಿಂದ ಉಳಿಸಿಕೊಳ್ಳುವುದೇ ಪೀಕಲಾಟ.

ಎರೆಭೂತಕ್ಕೆ ಕೊರತೆಯಾಗಿರುವುದು ನೆಲ. ರಾಣೆಬೆನ್ನೂರು ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ಆದರೆ ಅಲ್ಲಿನ ನೀಲಗಿರಿ ನೆಡುತೋಪು ಹುಲ್ಲನ್ನು ನುಂಗಿತು, ಹಕ್ಕಿ ಕಣ್ಮರೆಯಾಯಿತು. ವಿಜಯಪುರದ ನೆರೆಯ ಸೊಲ್ಲಾಪುರದಲ್ಲಿ, ಈ ಹಕ್ಕಿಗೆಂದೇ 1979ರಲ್ಲಾದ ನಾನ್ನಜ್ ಅಭಯಾರಣ್ಯದಲ್ಲಿ, ಇಂದು ಒಂದು ಕಂಡರೂ ಅದೇ ಸುದ್ದಿ. ಡೋಣಿ ನದಿ ದಂಡೆಯ ಕರಿಯೆರೆ, ಹಿಂಗಾರಿ ಬಿಳಿಜೋಳ, ಕಡಲೆ, ಬೀಳು ಹೊಲ: ವಿಜಯಪುರದ ಬಯಲಿನ ಗುಣ ಈ ಹಕ್ಕಿಗೆ ಒಪ್ಪುವಂಥದ್ದೇ. ಈಗ ತಿಕೋಟಾ ಕಡೆ ದ್ರಾಕ್ಷಿ ತೋಟಗಳು, ಬಬಲೇಶ್ವರದ ಕಡೆ ಏತ ನೀರಾವರಿಯ ಕಬ್ಬು, ಎಲ್ಲೆಡೆ ಸಸಿ ನೆಡುವ ಹುರುಪು. ಬಂದ ನೀರನ್ನು ಯಾವ ರೈತನೂ ಬೇಡವೆನ್ನಲಾರ, ಅನ್ನಬೇಕಿಲ್ಲ. ಹುಲ್ಲುಗಾವಲನ್ನು ಬಂಜರು ಎಂದು ಕಡತದಲ್ಲಿ ಬರೆದು ಮರ ನೆಡುವುದು ಮಾತ್ರ ಲೆಕ್ಕ ತಪ್ಪಿದ ಕೆಲಸ.

ವಿದ್ಯುತ್ ತಂತಿ ಇನ್ನೊಂದು ಗಂಡಾಂತರ. ಎರೆಭೂತದ ಕಣ್ಣುಗಳು ತಲೆಯ ಅಕ್ಕಪಕ್ಕದಲ್ಲಿರುವುದರಿಂದ ಹಾರುವಾಗ ಎದುರಿನದು ಅದಕ್ಕೆ ಸರಿಯಾಗಿ ಕಾಣದು. ಮೈಭಾರಕ್ಕೆ ಥಟ್ಟನೆ ಹೊರಳಲೂ ಆಗದು. ಸುಪ್ರೀಂ ಕೋರ್ಟ್ 2021ರಲ್ಲಿ ರಾಜಸ್ಥಾನ, ಗುಜರಾತಿನ ತಂತಿಗಳನ್ನು ನೆಲದಡಿಗೆ ಇಳಿಸಲು ಹೇಳಿ, 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು. 2400 ಮೆಗಾವ್ಯಾಟ್‌ನ ಕೂಡಗಿ ಸ್ಥಾವರವಿರುವ ವಿಜಯಪುರ ಜಿಲ್ಲೆಯಲ್ಲೂ ಹೈಟೆನ್ಷನ್ ತಂತಿಗಳಿಗೇನೂ ಬರವಿಲ್ಲ. ಸಾಕಿದ ಮರಿಗಳನ್ನು ದಖನ್ನಿಗೆ ತರುವ ಮಾತೆದ್ದರೆ ಮೊದಲು ಅಳೆಯಬೇಕಾದದ್ದು ತಂತಿಯಿಲ್ಲದ, ಮರವಿಲ್ಲದ, ನಾಯಿಗಳ ಕಾಟವಿಲ್ಲದ ಎರೆಯನ್ನು.