ಬೇಲಿಯೇ ಎದ್ದು ಹೊಲ ಮೇಯ್ದರೆ?

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಕೇಳದವರು ಯಾರು? ನಮ್ಮ ರಕ್ತದಲ್ಲಿಯೇ ಈ ಗಾದೆ ನಿಜವಾಗುವ ಸಂದರ್ಭವೊಂದುಂಟು. ಏಡ್ಸ್ ರೋಗಕ್ಕೆ ಕಾರಣವಾದ ಎಚ್.ಐ.ವಿ. ಎಂಬ ವೈರಸ್ಸಿನ ಕಥೆ ಅದು.

ರಕ್ತದ ಬಿಳಿಯ ಕಣಗಳು ದೇಹದ ಕಾವಲುಗಾರರು. ರೋಗಾಣು ನುಗ್ಗಿದೊಡನೆ ಅವು ಪರಸ್ಪರ ಸುದ್ದಿ ಮುಟ್ಟಿಸುತ್ತವೆ. ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳೇ ಈ ಕಾರ್ಯದ ಓಲೆಕಾರರು. ಓಲೆ ತಲುಪಿದ ಕಣದಲ್ಲಿ ಎನ್.ಎಫ್. ಕಪ್ಪಾ ಬಿ ಎಂಬ ಇನ್ನೊಂದು ಪ್ರೋಟೀನು ಎಚ್ಚೆತ್ತು, ಕಣದ ಕೇಂದ್ರಕ್ಕೆ ಧಾವಿಸಿ, ರಕ್ಷಣೆಯ ಜೀನುಗಳನ್ನು ಕೆಲಸಕ್ಕೆ ಹಚ್ಚುತ್ತದೆ.

ಎಚ್.ಐ.ವಿ.ಯ ಕಪಟ ಇರುವುದು ಇಲ್ಲಿಯೇ. ಕಾವಲಿನ ಮುಖಂಡನಾದ ಸಿ.ಡಿ.4 ಕಣವನ್ನೇ ಅದು ಹೊಕ್ಕು, ತನ್ನ ಜೀನುಗಳನ್ನು ಅದರ ವರ್ಣತಂತುವಿಗೆ ಹೊಲಿದುಬಿಡುತ್ತದೆ. ಕಣ ವಿಶ್ರಮಿಸುವಷ್ಟು ಕಾಲ ವೈರಸ್ಸೂ ನಿದ್ರಿಸಬಲ್ಲದು. ಆದರೆ ಅದರ ಜೀನುಗಳ ತಲೆಬಾಗಿಲಲ್ಲಿ ಎನ್.ಎಫ್. ಕಪ್ಪಾ ಬಿ ಬಂದು ಕೂರುವ ಪೀಠಗಳುಂಟೆಂದು 1987ರಲ್ಲಿ ಅಮೆರಿಕದ ಗ್ಯಾರಿ ನೇಬಲ್ ಮತ್ತು ಡೇವಿಡ್ ಬಾಲ್ಟಿಮೋರ್ ತೋರಿಸಿದರು. ಟಿ.ಎನ್.ಎಫ್. ಎಂಬ ಓಲೆಕಾರ "ಶತ್ರು ಬಂದ, ಏಳಿ!" ಎಂದು ಸಾರಿದಾಗ ಏಳುವವನು ಕಾವಲುಗಾರನಷ್ಟೇ ಅಲ್ಲ, ಕಳ್ಳನೂ ಹೌದು!

ಹಾಗಾದರೆ ಓಲೆಕಾರರೆಲ್ಲರೂ ದ್ರೋಹಿಗಳೇ? ಖಂಡಿತ ಅಲ್ಲ. ಸಿ.ಡಿ.8 ಎಂಬ ಕಣಗಳು ಸ್ರವಿಸುವ ರಾಂಟೀಸ್ ಮೊದಲಾದ ಮೂರು ಪ್ರೋಟೀನುಗಳು ವೈರಸ್ಸನ್ನು ತಡೆಯುತ್ತವೆಂದು 1995ರಲ್ಲಿ ರಾಬರ್ಟ್ ಗ್ಯಾಲೊ ಅವರ ತಂಡ ಕಂಡುಹಿಡಿಯಿತು. ಮರುವರ್ಷ ಅದರ ಗುಟ್ಟು ಬಯಲಾಯಿತು. ವೈರಸ್ಸು ಒಳನುಗ್ಗಲು ಹಿಡಿಯುವ ಸಿ.ಸಿ.ಆರ್.5 ಎಂಬ ಕದಕ್ಕೇ ಇವು ಅಂಟಿಕೊಂಡು ದಾರಿ ಕಟ್ಟುತ್ತವೆ. ತಂದೆತಾಯಿಗಳಿಬ್ಬರಿಂದಲೂ ಈ ಕದದ ಜೀನಿನಲ್ಲಿ 32 ಅಕ್ಷರಗಳ ಲೋಪವನ್ನು ಪಡೆದು ಹುಟ್ಟಿದವರಿಗೆ ಸೋಂಕು ತಗಲುವುದು ಅತಿ ವಿರಳ. ಅದೇ ಕದವನ್ನು ಮುಚ್ಚುವ ಮಾರವಿರಾಕ್ ಎಂಬ ಔಷಧಿಗೆ ಅಮೆರಿಕದಲ್ಲಿ 2007ರಲ್ಲಿ ಅನುಮತಿ ದೊರೆಯಿತು.

ಈ ಕಥೆಯಲ್ಲಿ ಬೆಂಗಳೂರಿಗೂ ಪಾತ್ರವಿದೆ. ಭಾರತದಲ್ಲಿ ಹೆಚ್ಚಾಗಿರುವ ಸಿ ಬಗೆಯ ಎಚ್.ಐ.ವಿ.ಯಲ್ಲಿ ಸಾಮಾನ್ಯವಾಗಿ ಮೂರು ಪೀಠಗಳು. ಪಾಶ್ಚಾತ್ಯ ದೇಶಗಳ ಬಿ ಬಗೆಯಲ್ಲಿ ಎರಡೇ. ನಾಲ್ಕು ಪೀಠಗಳ ವೈರಸ್ಸು ನಮ್ಮ ದೇಶದಲ್ಲಿ ತಲೆಯೆತ್ತುತ್ತಿರುವುದನ್ನು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ 2012ರಲ್ಲಿ ಪ್ರಕಟಿಸಿತು.

ಇಂದಿನ ಮಾತ್ರೆಗಳು ವೈರಸ್ಸಿನ ವೃದ್ಧಿಯನ್ನು ತಡೆಯಬಲ್ಲವು. ಆದರೆ ಮಲಗಿರುವುದನ್ನು ಕೊಲ್ಲಲಾರವು. "ಮೈ ಹಗುರಾಯಿತು, ಇನ್ನು ಮಾತ್ರೆ ಏಕೆ?" ಎಂದು ಔಷಧಿ ಬಿಟ್ಟವರಲ್ಲಿ ಕಳ್ಳ ಮತ್ತೆ ಏಳುತ್ತಾನೆ. ಬೇಲಿಯನ್ನು ನಂಬಬೇಕು, ನಿಜ. ಅದರ ಮೇಲೊಂದು ಕಣ್ಣನ್ನೂ ಇಟ್ಟಿರಬೇಕು.