ಮನೆಮಂದಿಯಲ್ಲಿ ಯಾರಿಗೆ ಟಿಬಿ?

"ಜ್ವರ ಇಲ್ಲ, ಕೆಮ್ಮಿಲ್ಲ, ಹೊಟ್ಟೆ ತುಂಬ ಉಣ್ತಾಳೆ. ಇವಳಿಗ್ಯಾಕೆ ಮೇಡಂ ಮಾತ್ರೆ?"

ಕಫದಲ್ಲಿ ಟಿಬಿ ಕಂಡವರ ಮನೆಗೆ ಹೋದಾಗ ಅತ್ತೆಯೋ ಅಮ್ಮನೋ ಹೀಗೆ ಕೇಳುತ್ತಾರೆ. ಟಿಬಿ ಮೇಲ್ವಿಚಾರಕಿಯಾಗಿ ಊರೂರು ತಿರುಗುವ ನನಗೆ ಈ ಪ್ರಶ್ನೆ ನ್ಯಾಯವಾದದ್ದೇ ಅನ್ನಿಸುತ್ತದೆ. ರೋಗಾಣು ಒಳಹೊಕ್ಕ ನೂರು ಮಂದಿಯಲ್ಲಿ ಆಯುಸ್ಸಿಡೀ ಸೇರಿ ಕಾಯಿಲೆ ಬೀಳುವವರು 5ರಿಂದ 10 ಮಂದಿ, ಅದೂ ಹೆಚ್ಚಿನವರು ಮೊದಲ 2 ವರ್ಷಗಳಲ್ಲಿ. ಆ ಕೆಲವರು ಯಾರೆಂದು ಗೊತ್ತಾಗದೆ ಮನೆಮಂದಿಗೆಲ್ಲ ತಡೆಗಟ್ಟುವ ಮಾತ್ರೆ ಕೊಡುತ್ತೇವೆ. ಮುಂಗೈಗೆ ಚುಚ್ಚಿ, 2-3 ದಿನ ಬಿಟ್ಟು ಗಂಟು ಅಳೆಯುವ ಪರೀಕ್ಷೆಗೂ ಅದನ್ನು ಹೇಳುವ ಶಕ್ತಿಯಿಲ್ಲ.

ಉತ್ತರ ಹುಡುಕಲು ಹೊರಟವರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರೂ ಇದ್ದರು. ದಕ್ಷಿಣ ಆಫ್ರಿಕಾದ ವೂಸ್ಟರ್ ಎಂಬ ದ್ರಾಕ್ಷಿತೋಟಗಳ ಊರಿನ ಸುತ್ತ 12ರಿಂದ 18 ವಯಸ್ಸಿನ ಆರು ಸಾವಿರಕ್ಕೂ ಹೆಚ್ಚು ಮಕ್ಕಳ ರಕ್ತ ತೆಗೆದಿಟ್ಟು, 2 ವರ್ಷ ಅವರ ಮೇಲೆ ಕಣ್ಣಿಟ್ಟರು. ಆಮೇಲೆ ಕಾಯಿಲೆ ಬಿದ್ದವರ ಹಳೆಯ ರಕ್ತವನ್ನೂ ಆರೋಗ್ಯವಾಗಿ ಉಳಿದವರದ್ದನ್ನೂ ಹೋಲಿಸಿದರು. ಕೆಮ್ಮು ಶುರುವಾಗುವುದಕ್ಕೆ ತಿಂಗಳುಗಳ ಮುಂಚೆಯೇ ರಕ್ತಕಣಗಳಲ್ಲಿ 16 ಜೀನ್‌ಗಳ ಚಟುವಟಿಕೆ ಏರಿತ್ತು. ಸೋಂಕಿನ ವಿರುದ್ಧ ದೇಹ ಹೊರಡಿಸುವ ಇಂಟರ್‌ಫೆರಾನ್‌ಗೆ ಓಗೊಡುವ ಜೀನ್‌ಗಳವು. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ವರ್ಷದೊಳಗೆ ಕಾಯಿಲೆ ಬೀಳಲಿದ್ದ ನೂರರಲ್ಲಿ ಸುಮಾರು 66 ಮಂದಿಯನ್ನು ಈ ಗುರುತು ಹಿಡಿಯಿತು.

ನನ್ನನ್ನು ಹೆಚ್ಚು ಕಾಡಿದ್ದು ಅದರ ಮುಂದಿನ ಕಥೆ. 11 ಜೀನ್‌ಗಳಿಗೆ ಇಳಿಸಿದ ಪರೀಕ್ಷೆಯನ್ನು ಅದೇ ದೇಶದ ಸುಮಾರು 2,900 ವಯಸ್ಕರ ಮೇಲೆ ಪ್ರಯೋಗಿಸಿದರು. ಅಪಾಯದ ಗುರುತು ಕಂಡ ಕೆಲವರಿಗೆ ವಾರಕ್ಕೊಮ್ಮೆಯಂತೆ 12 ವಾರ ಐಸೋನಿಯಾಜಿಡ್, ರಿಫಾಪೆಂಟಿನ್ ಎಂಬ ತಡೆಗಟ್ಟುವ ಮಾತ್ರೆಗಳನ್ನು ಕೊಟ್ಟರು. ಮುನ್ಸೂಚನೆ ನಿಜವಾಯಿತು: ಗುರುತು ಇದ್ದವರಿಗೆ ಇಲ್ಲದವರಿಗಿಂತ ಎರಡೂವರೆ ಪಟ್ಟು ಹೆಚ್ಚು ಟಿಬಿ ಬಂತು. ಮಾತ್ರೆಯಿಂದ ಮಾತ್ರ ಅದು ಕಡಿಮೆಯಾಗಲಿಲ್ಲ. 2021ರ ಈ ಫಲಿತಾಂಶ ಓದಿ ನನಗೆ ಸಂಕಟವಾಯಿತು. ರಕ್ತ ಕೂಗಿ ಹೇಳುವ ಹೊತ್ತಿಗೆ ಹಲವರ ಶ್ವಾಸಕೋಶದಲ್ಲಿ ಕಾಯಿಲೆ ಆಗಲೇ ಬೇರೂರಿರಬಹುದು. ಹಾಗಿದ್ದರೆ ತಡೆಗಟ್ಟುವ ಮಾತ್ರೆ ಸಾಲದು, ಪೂರ್ತಿ ಚಿಕಿತ್ಸೆಯೇ ಬೇಕು.

ಅದಕ್ಕೇ ನಮ್ಮ ಆಶಾ ಕಾರ್ಯಕರ್ತೆಯರಿಗೆ ಒತ್ತಿ ಹೇಳುತ್ತೇನೆ: ಮಾತ್ರೆ ಕೊಡುವ ಮುನ್ನ ಎದೆಯ ಎಕ್ಸ್‌ರೇ ತಪ್ಪಿಸಬೇಡಿ, ಕೆಮ್ಮಿಲ್ಲ ಅಂದವರನ್ನೂ ಕಳಿಸಿ. ಮನೆಯಲ್ಲಿ 5 ವರ್ಷದೊಳಗಿನ ಕೂಸಿದ್ದರೆ ಮೊದಲು ಅದನ್ನು ನೋಡಿ. ಮಕ್ಕಳಲ್ಲಿ ಕಾಯಿಲೆ ಬೇಗ ಉಲ್ಬಣಿಸುತ್ತದೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಕಫ ಪರೀಕ್ಷಿಸುವ ಸಿಬಿನ್ಯಾಟ್ ಯಂತ್ರಕ್ಕೇ ಹೊಂದುವಂತೆ, ಬೆರಳಿನ ರಕ್ತದಲ್ಲಿ 3 ಜೀನ್‌ಗಳನ್ನು ಅಳೆಯುವ ಕಾರ್ಟ್ರಿಜ್ ಒಂದನ್ನು ತಯಾರಿಸಿ ಹಲವು ದೇಶಗಳಲ್ಲಿ ಪರೀಕ್ಷಿಸಿದ್ದಾರೆ. ಇರುವ ಕಾಯಿಲೆಯನ್ನು ಶಂಕಿಸಲು ಮಾಡಿದ್ದು ಅದು. ಕಫವೇ ಬಾರದ ಮಕ್ಕಳಿಗಾಗಿಯಾದರೂ ಅದು ಬೇಗ ನಮ್ಮ ಕೈಗೆ ಸಿಗಲಿ.