ಸರ್ವರ್ ಇಲ್ಲದ ದಿನದ ಆಡಳಿತ

ನಮ್ಮ ಹಾಸನ ಸೀಮೆಯ ಆಡುಮಾತಿನಲ್ಲಿ ಈಚಿನ ಕೆಲವು ವರ್ಷಗಳಿಂದ ಹೊಸದೊಂದು ವಾಕ್ಯವು ನೆಲೆಯೂರಿದೆ. ‘ಸರ್ವರ್ ಇಲ್ಲ’ ಎಂಬುದೇ ಅದು. ಪಹಣಿಗಾಗಿ ಬಂದ ಅರಕಲಗೂಡಿನ ರೈತನಿಗೂ, ಪಡಿತರಕ್ಕೆ ಚೀಲ ಹಿಡಿದು ನಿಂತ ಹೊಳೆನರಸೀಪುರದ ಮುದುಕಿಗೂ, ಕ್ರಯಪತ್ರದ ನೋಂದಣಿಗೆಂದು ಸಾಕ್ಷಿಗಳನ್ನು ಕರೆತಂದ ಚನ್ನರಾಯಪಟ್ಟಣದ ವರ್ತಕನಿಗೂ ಅಂಥ ದಿನ ದೊರೆಯುವ ಉತ್ತರ ಒಂದೇ. ಹಿಂದೆ ಗುಮಾಸ್ತನು ‘ನಾಳೆ ಬಾ’ ಎಂದರೆ ಮೇಲಧಿಕಾರಿಗೆ ದೂರಬಹುದಾಗಿತ್ತು. ಸರ್ವರಿನ ಮೇಲೆ ಯಾರಿಗೆ ದೂರುವುದು? ಎದುರಿಗೆ ಕುಳಿತ ನೌಕರನೂ ಬಂದವರಷ್ಟೇ ನಿಸ್ಸಹಾಯಕನಾಗಿರುತ್ತಾನೆ.

2025ರ ಜನವರಿಯಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಸ್ಥಿರಾಸ್ತಿಗಳ ನೋಂದಣಿಗಾಗಿ ರಾಜ್ಯ ಸರ್ಕಾರವು 2023ರಲ್ಲಿ ಆಚರಣೆಗೆ ತಂದ ‘ಕಾವೇರಿ 2.0’ ವ್ಯವಸ್ಥೆಯ ಮೇಲೆ ದುಷ್ಕರ್ಮಿಗಳು ಕೈಮಾಡಿದರು. ಬೀಗ ಮುರಿದು ಕಡತ ಕದಿಯುವ ಬಗೆಯ ಆಕ್ರಮಣವಲ್ಲ ಅದು. 62 ಖಾತೆಗಳನ್ನು ಮುಂದಿಟ್ಟುಕೊಂಡು, ಋಣಭಾರ ಪತ್ರಗಳನ್ನು ಹುಡುಕುವ ನೆಪದಿಂದ, ಎರಡೇ ಗಂಟೆಗಳ ಅವಧಿಯಲ್ಲಿ 6.2 ಲಕ್ಷ ಸುಳ್ಳು ಕೋರಿಕೆಗಳನ್ನು ಸುರಿದರು. ಕಚೇರಿಯ ಒಂದು ಕಿಟಕಿಗೆ ಲಕ್ಷಗಟ್ಟಲೆ ಜನರು ಪೊಳ್ಳು ಅರ್ಜಿ ಹಿಡಿದು ನುಗ್ಗಿದರೆ ನಿಜವಾದ ಅರ್ಜಿದಾರನ ಗತಿ ಏನಾಗುವುದೋ ಅದೇ ಆಯಿತು. ರಾಜ್ಯದಾದ್ಯಂತ ನೋಂದಣಿ ಕುಂಠಿತವಾಯಿತು. ಬೆಂಗಳೂರಿನ ಸೈಬರ್ ಅಪರಾಧ ಠಾಣೆಯಲ್ಲಿ ಮೊಕದ್ದಮೆ ದಾಖಲಾಯಿತು.

ಇದರಲ್ಲಿ ನಾವು ಗಮನಿಸತಕ್ಕ ಸಂಗತಿಯೊಂದಿದೆ. ಎಲ್ಲಿಯೋ ಕುಳಿತ ಬೆರಳೆಣಿಕೆಯ ಜನರು ಹಾಸನದ ಕಚೇರಿಗೂ ಅರಕಲಗೂಡಿನ ಕಚೇರಿಗೂ ಏಕಕಾಲದಲ್ಲಿ ಬೀಗ ಹಾಕಿದರು. ಹಳೆಯ ಕಾಲದಲ್ಲಿ ಒಂದು ತಾಲ್ಲೂಕು ಕಚೇರಿಗೆ ಬೆಂಕಿ ಬಿದ್ದರೂ ಪಕ್ಕದ ತಾಲ್ಲೂಕಿನ ಕೆಲಸ ನಿಲ್ಲುತ್ತಿರಲಿಲ್ಲ. ಈಗಲಾದರೋ ಕಾವೇರಿಯೊಡನೆ ‘ಭೂಮಿ’, ‘ಇ-ಸ್ವತ್ತು’, ‘ಇ-ಆಸ್ತಿ’, ‘ಖಜಾನೆ-2’ ಇವೆಲ್ಲ ಹೆಣೆದುಕೊಂಡಿವೆ. ಒಂದು ಕೊಂಡಿ ಕಳಚಿದರೆ ಸರಪಳಿಯೇ ನೆಲಕ್ಕೆ ಬೀಳುತ್ತದೆ. 1908ರ ನೋಂದಣಿ ಕಾಯಿದೆಯು ಪತ್ರವನ್ನು ಹಾಜರುಪಡಿಸಲು ನಾಲ್ಕು ತಿಂಗಳ ಅವಕಾಶ ಕೊಟ್ಟಿದೆ, ನಿಜ. ಆದರೆ ಮಗಳ ಮದುವೆಗೆಂದು ಅರ್ಧ ಎಕರೆ ಮಾರುವವನಿಗೆ ನಾಲ್ಕು ತಿಂಗಳ ಅವಕಾಶವೆಲ್ಲಿಯದು? ಮುಂಗಡ ಪಡೆದವನ ಮನಸ್ಸು ಒಂದು ವಾರದಲ್ಲಿ ಬದಲಾಗಬಹುದು. ಸಾಲ ತಂದು ಕೊಳ್ಳುವವನ ಬಡ್ಡಿಯಂತೂ ಸರ್ವರಿಗಾಗಿ ಕಾಯುವುದಿಲ್ಲ.

ಹಾಗೆಂದು ಯಂತ್ರವೇ ಬೇಡವೆಂದು ವಾದಿಸುವವರ ಪಂಗಡಕ್ಕೆ ನಾವು ಸೇರಿದವರಲ್ಲ. ‘ಭೂಮಿ’ ಯೋಜನೆ ಬರುವ ಮೊದಲು ಕೈಬರಹದ ಪಹಣಿಗಾಗಿ ರೈತನು ಎಷ್ಟು ಬಾಗಿಲು ತಟ್ಟಬೇಕಾಗಿತ್ತು, ಪ್ರತಿಯೊಂದು ಬಾಗಿಲಲ್ಲಿಯೂ ಏನನ್ನು ಇಡಬೇಕಾಗಿತ್ತು ಎಂಬುದು ಹಿರಿಯರಿಗೆಲ್ಲ ಗೊತ್ತಿದೆ. ಕಾಗದಕ್ಕೂ ಅದರದೇ ದಬ್ಬಾಳಿಕೆಯಿತ್ತು. ಆ ಕಾಲಕ್ಕೆ ಮರಳಬೇಕೆಂದು ನಾವು ಹೇಳುತ್ತಿಲ್ಲ. ಒಂದು ದಾರಿ ಮುಚ್ಚಿದ ದಿನ ನಡೆಯಲು ಇನ್ನೊಂದು ದಾರಿ ಇರಲಿ, ಅದಕ್ಕೆ ಕಾನೂನಿನ ಮಾನ್ಯತೆಯೂ ಇರಲಿ ಎಂಬುದಷ್ಟೇ ನಮ್ಮ ನಿವೇದನೆ.

ಈ ಪಾಠವನ್ನು ಕಲಿಯಲು ಹಾಸನದವರು ದೂರ ಹೋಗಬೇಕಾಗಿಲ್ಲ. ಸಾಲಗಾಮೆ ರಸ್ತೆಯಲ್ಲಿ ಬಾಹ್ಯಾಕಾಶ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿದೆ. ಊರಿನವರ ಬಾಯಲ್ಲಿ ಅದು ಎಂ.ಸಿ.ಎಫ್. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು ಇಲ್ಲಿಂದ ನಡೆಸುತ್ತಾರೆ. ಕೇಂದ್ರ ಸ್ಥಾಪನೆಯಾದುದು 1982ರಲ್ಲಿ. ಅದೇ ವರ್ಷದ ಏಪ್ರಿಲಿನಲ್ಲಿ ಹಾರಿಸಿದ ಇನ್ಸಾಟ್-1ಎ ಸೆಪ್ಟೆಂಬರಿನ ಹೊತ್ತಿಗೆ ಕೈಬಿಟ್ಟುಹೋಯಿತು. ದೂರದಲ್ಲಿರುವ ವಸ್ತುವನ್ನು ನೆಚ್ಚಿಕೊಳ್ಳುವುದೆಂದರೇನೆಂಬುದು ಆ ವಿಜ್ಞಾನಿಗಳಿಗೆ ಮೊದಲ ವರ್ಷದಲ್ಲಿಯೇ ಮನವರಿಕೆಯಾಗಿರಬೇಕು. ಹಾಸನವೊಂದನ್ನೇ ನಂಬಿ ಅವರು ಕೂಡಲಿಲ್ಲ. 2005ರಲ್ಲಿ ಭೋಪಾಲದಲ್ಲಿ ಎರಡನೆಯ ಕೇಂದ್ರವನ್ನು ತೆರೆದರು. ಆಕಾಶದ ಉಪಗ್ರಹಕ್ಕೆ ಎರಡು ಆಸರೆಗಳಿರುವಾಗ ನೆಲದ ಮೇಲಿನ ಬಡವನ ಅಕ್ಕಿಗೆ ಒಂದೇ ಆಸರೆಯೇ?

ಹಣದ ವಿಷಯವೂ ಹಾಗೆಯೇ. 2024ರ ಜುಲೈ 31ರಂದು ಸಿ-ಎಡ್ಜ್ ಎಂಬ ಒಂದೇ ಸಂಸ್ಥೆಯ ಯಂತ್ರಗಳಿಗೆ ಒತ್ತೆಹಣ ಕೇಳುವ ದುಷ್ಟ ತಂತ್ರಾಂಶವು ತಗುಲಿತು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯ ಸಂಪರ್ಕವನ್ನು ಕಡಿದುಹಾಕಿತು. ಅದನ್ನು ಆಶ್ರಯಿಸಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ನಿಂತಿತು. ಅವುಗಳಲ್ಲಿ ಸಹಕಾರಿ ಬ್ಯಾಂಕುಗಳೂ ಗ್ರಾಮೀಣ ಬ್ಯಾಂಕುಗಳೂ ಇದ್ದವು, ಅಂದರೆ ಹಳ್ಳಿಯವನ ಬ್ಯಾಂಕುಗಳು. ಮರುದಿನವೇ ಸಂಪರ್ಕ ಮರಳಿತು, ಸಂತೋಷ. ಆದರೆ ರಾಮನಾಥಪುರದ ತಂಬಾಕು ಹರಾಜಿನ ಕಾಲದಲ್ಲಿ, ಹಾಸನದ ಬಿತ್ತನೆ ಆಲೂಗಡ್ಡೆಯ ಸಂತೆಯ ಕಾಲದಲ್ಲಿ ಅಂಥದೇ ನಾಲ್ಕು ದಿನ ಬಂದರೆ? ಕಿಸೆಯಲ್ಲಿ ರೊಕ್ಕವಿಡುವ ಅಭ್ಯಾಸವನ್ನೇ ಬಿಟ್ಟಿರುವ ಪಟ್ಟಣಿಗರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ನೀರಿನ ವಿಷಯವನ್ನು ಹೇಳದೆ ಇರಲಾರೆವು. 2025ರ ಏಪ್ರಿಲಿನಲ್ಲಿ ನಾರ್ವೆ ದೇಶದ ಬ್ರೆಮಾಂಗರ್ ಎಂಬಲ್ಲಿ ಪರಕೀಯರು ಅಂತರ್ಜಾಲದ ಮೂಲಕ ಒಂದು ಸಣ್ಣ ಅಣೆಕಟ್ಟೆಯ ತೂಬನ್ನು ತೆರೆದರು. ಯಾರ ಗಮನಕ್ಕೂ ಬಾರದೆ ಸುಮಾರು ನಾಲ್ಕು ಗಂಟೆಗಳ ಕಾಲ ಸೆಕೆಂಡಿಗೆ 500 ಲೀಟರಿನಂತೆ ಹೆಚ್ಚಿನ ನೀರು ಹರಿದುಹೋಯಿತು. ಪ್ರಾಣಹಾನಿಯಾಗಲಿಲ್ಲ. ಗೊರೂರಿನ ಹೇಮಾವತಿಯು ಅಷ್ಟು ಸಣ್ಣ ಜಲಾಶಯವಲ್ಲ, ಅದರ ಕೆಳಗೆ ಹೊಳೆನರಸೀಪುರವಿದೆ. ಮುಂದೆ ಎಂದಾದರೂ ಗೊರೂರಿನ ಬಾಗಿಲುಗಳನ್ನು ಆಧುನೀಕರಿಸುವ ಅಭಿಯಂತರರು ಅವುಗಳ ಬೀಗದ ಕೈಯನ್ನು ಅಂತರ್ಜಾಲಕ್ಕೆ ಒಪ್ಪಿಸದಿರಲಿ. ನೀರಿನ ಮಟ್ಟವನ್ನು ದೂರದಿಂದ ನೋಡಿದರೆ ಸಾಕು. ಬಾಗಿಲನ್ನು ಎತ್ತುವ ಕೈ ಅಣೆಕಟ್ಟೆಯ ಮೇಲೆಯೇ ಇರಬೇಕು.

ಈಗ ಅಧಿಕಾರಿಗಳಲ್ಲಿ ನಮ್ಮ ಬಿನ್ನಹ. ನೋಂದಣಿ ಕಾಯಿದೆಯ 52ನೆಯ ಪ್ರಕರಣದಂತೆ ಪತ್ರವನ್ನು ಹಾಜರುಪಡಿಸಿದ ದಿನ, ಗಂಟೆ, ಸ್ಥಳಗಳನ್ನು ಅದರ ಮೇಲೆ ನಮೂದಿಸಿ ರಸೀತಿ ಕೊಡಬೇಕು. ಸರ್ವರ್ ನಿಂತ ದಿನ ಇದನ್ನು ಲೇಖನಿಯಿಂದ ಮಾಡಲು ಉಪನೋಂದಣಾಧಿಕಾರಿಗೆ ಸ್ಪಷ್ಟವಾದ ಆದೇಶವಿರಲಿ, ಮಿಕ್ಕ ಕೆಲಸವನ್ನು ಯಂತ್ರವು ಮರಳಿದ ಮೇಲೆ ಪೂರೈಸಲಿ. ಬಂದವನು ಕೈಯಲ್ಲಿ ರಸೀತಿ ಹಿಡಿದಾದರೂ ಊರಿಗೆ ಹೋಗಲಿ. ಪಡಿತರದ ವಿಷಯದಲ್ಲಿ ಹೊಸ ಆದೇಶವೂ ಬೇಕಿಲ್ಲ. ಹೆಬ್ಬೆಟ್ಟು ಹೊಂದದಿದ್ದರೂ, ಸಂಪರ್ಕ ಸಿಗದಿದ್ದರೂ ಅರ್ಹರಿಗೆ ಧಾನ್ಯವನ್ನು ನಿರಾಕರಿಸಬಾರದು, ಕೊಟ್ಟುದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು ಎಂದು ಕೇಂದ್ರ ಆಹಾರ ಇಲಾಖೆಯು 2017ರ ಅಕ್ಟೋಬರ್ 24ರಷ್ಟು ಹಿಂದೆಯೇ ರಾಜ್ಯಗಳಿಗೆ ತಿಳಿಸಿದೆ. ನಾಲ್ಕು ತಾಲ್ಲೂಕುಗಳ ತಹಶೀಲ್ದಾರರು ಈ ಸೂಚನೆಯನ್ನು ದಪ್ಪಕ್ಷರದ ಕನ್ನಡದಲ್ಲಿ ಬರೆಸಿ ಪ್ರತಿಯೊಂದು ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಹಾಕಿಸಲಿ, ಆ ಪುಸ್ತಕ ಅಂಗಡಿಯಲ್ಲಿದೆಯೇ ಎಂಬುದನ್ನು ತಿಂಗಳಿಗೊಮ್ಮೆ ಹೋಗಿ ನೋಡಲಿ.